ಮಣ್ಣು ನೋಡಿ ಗುಳ ಇಳಿಸಿ: ಸಕ್ಕರೆ ಬೀಟ್ ಹಾರ್ವೆಸ್ಟರಿನ ಹೊಂದಾಣಿಕೆ

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಎಂದಕೂಡಲೇ ಮಂಡ್ಯದಿಂದ ಬೆಳಗಾವಿಯವರೆಗೆ ಎಲ್ಲರ ಕಣ್ಣ ಮುಂದೆ ಬರುವುದು ಕಬ್ಬು. ಆದರೆ ಜಗತ್ತಿನ ಸಕ್ಕರೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಮೂಲಂಗಿಯ ಹಾಗೆ ನೆಲಕ್ಕಿಳಿದು ಬೆಳೆಯುವ ಬಿಳಿ ಗಡ್ಡೆಯಿಂದ, ಅಂದರೆ ಸಕ್ಕರೆ ಬೀಟಿನಿಂದ ಬರುತ್ತದೆ. ಕಬ್ಬನ್ನು ನೆಲದ ಮೇಲೆ ಕಡಿಯುತ್ತೇವೆ, ಬೀಟನ್ನು ನೆಲದೊಳಗಿಂದ ಕೀಳಬೇಕು. ಹಾಗಾಗಿ ಬೀಟ್ ಹಾರ್ವೆಸ್ಟರಿಗೆ ಕಬ್ಬಿನ ಯಂತ್ರಕ್ಕಿಂತ ಶೇಂಗಾ, ಆಲೂಗಡ್ಡೆ ಕೀಳುವ ಯಂತ್ರಗಳೇ ಹತ್ತಿರದ ನೆಂಟರು. ಅದು ಉಳಬೇಕು, ಎತ್ತಬೇಕು, ಜರಡಿ ಹಿಡಿಯಬೇಕು, ಹೊತ್ತು ಸಾಗಬೇಕು. ಈ ನಾಲ್ಕೂ ಕೆಲಸಗಳಲ್ಲಿ ಕೊನೆಯ ಮಾತು ಮಣ್ಣಿನದೇ.

ಇವತ್ತಿನ ಮಾತಿಗೆ ಉತ್ತರ ಜರ್ಮನಿಯ ಲೋವರ್ ಸ್ಯಾಕ್ಸನಿ ಸೀಮೆಯನ್ನು ಆರಿಸಿಕೊಂಡಿದ್ದೇನೆ, ಜೊತೆಗೆ ಪಕ್ಕದ ನೆದರ್ಲೆಂಡ್ಸ್‌ನ ಫ್ಲೆವೊಲ್ಯಾಂಡನ್ನೂ. ಹಿಲ್ಡೆಸ್‌ಹೈಮ್ ಸುತ್ತಲಿನ ಬಯಲಿನಲ್ಲಿ ಗಾಳಿ ತಂದು ಹಾಸಿದ ಲೋಯೆಸ್ ಮಣ್ಣು: ಕಲ್ಲಿಲ್ಲ, ಹಿಟ್ಟಿನಷ್ಟು ನುಣುಪು, ಹದವಿದ್ದಾಗ ಬೆಣ್ಣೆ, ಒಣಗಿದಾಗ ಇಟ್ಟಿಗೆ. ಅಲ್ಲಿಂದ ಉತ್ತರಕ್ಕೆ ಊಲ್ಸೆನ್ ಕಡೆ ಹೋದರೆ ಮರಳು, ಹಿಮಯುಗ ಬಿಟ್ಟುಹೋದ ಕಲ್ಲು. ಫ್ಲೆವೊಲ್ಯಾಂಡಂತೂ 1957 ಮತ್ತು 1968ರಲ್ಲಿ ನೀರು ಬತ್ತಿಸಿ ತೆಗೆದ ಹಳೆಯ ಸಮುದ್ರದ ತಳ. ಅಲ್ಲಿನ ಜೇಡಿ ನಮ್ಮ ಎರೆ ಭೂಮಿಯ ಹಾಗೆಯೇ ಮಳೆ ಬಿದ್ದರೆ ಕಾಲು ಬಿಡುವುದಿಲ್ಲ. ಸೆಪ್ಟೆಂಬರಿನಲ್ಲಿ ಶುರುವಾಗುವ ಕೊಯ್ಲು ಡಿಸೆಂಬರ್ ಮುಟ್ಟುವಷ್ಟರಲ್ಲಿ ಒಂದೇ ಯಂತ್ರ, ಒಂದೇ ಚಾಲಕ ಈ ಮಣ್ಣುಗಳ ಒಣ, ಹದ, ಕೆಸರು ಮೂರೂ ಸ್ಥಿತಿಗಳನ್ನು ಕಾಣಬೇಕಾಗುತ್ತದೆ. ಕಳೆದ ವಾರದ ಹೊಂದಾಣಿಕೆಯನ್ನೇ ಇಟ್ಟುಕೊಂಡು ಇಂದಿನ ಹೊಲಕ್ಕೆ ಇಳಿದವರು ಇಳುವರಿಯನ್ನು ಹೊಲದಲ್ಲೇ ಬಿಟ್ಟು ಬರುತ್ತಾರೆ.

ಯಂತ್ರದೊಳಗೆ ಗಡ್ಡೆ ಸಾಗುವ ದಾರಿಯನ್ನು ಮೊದಲು ನೋಡೋಣ. ರೋಪಾ, ಹೋಲ್ಮರ್, ಗ್ರಿಮ್ಮೆ, ಯಾವ ಕಂಪನಿಯ ಆರು ಸಾಲಿನ ಯಂತ್ರವಾದರೂ ಮೂಲ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಎಲ್ಲಕ್ಕಿಂತ ಮುಂದೆ ಎಲೆಯನ್ನು ಚಚ್ಚಿ ತೆಗೆಯುವ ಉರುಳೆ. ಅದರ ಬೆನ್ನಿಗೆ ಗಡ್ಡೆಯ ತಲೆ ಸವರುವ ಚಾಕು. ಆಮೇಲೆ ಪ್ರತಿ ಸಾಲಿಗೂ ಒಂದೊಂದು ಜೋಡಿ ಗುಳ. ನಮ್ಮ ನೇಗಿಲ ಗುಳದಂತೆಯೇ ಅವು ನೆಲಕ್ಕೆ ಇಳಿಯುತ್ತವೆ, ಆದರೆ ಹಿಂದುಮುಂದಾಗಿ ಅಲುಗುತ್ತಾ ಗಡ್ಡೆಯನ್ನು ಎರಡು ಕಡೆಯಿಂದ ಸಡಿಲಿಸಿ ಮೇಲಕ್ಕೆ ನೂಕುತ್ತವೆ. ಅಲ್ಲಿಂದ ಸುರುಳಿ ರೋಲರುಗಳು, ಸರಪಳಿ ಜಾಲರಿ, ಆಮೇಲೆ ಚಾಲಕರು ಟರ್ಬೈನ್ ಎಂದು ಕರೆಯುವ ದೊಡ್ಡ ಜರಡಿ ಚಕ್ರಗಳು. ಅವುಗಳ ಸುತ್ತ ಗಡ್ಡೆ ಹೊರಗೆ ಹಾರದಂತೆ ಕಂಬಿಗಳ ಬೇಲಿ. ಕೊನೆಗೆ ಗಡ್ಡೆಯನ್ನು ಮೇಲಕ್ಕೊಯ್ಯುವ ಎಲಿವೇಟರ್, ಅದು ತುಂಬುವ ತೊಟ್ಟಿಯಾದ ಬಂಕರ್.

ಇವತ್ತು ನಾನು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು: ಹೊಂದಾಣಿಕೆ ಮುಂದಿನಿಂದ ಹಿಂದಕ್ಕೆ ಸಾಗಬೇಕು. ಗುಳದಲ್ಲಿ ಆದ ತಪ್ಪನ್ನು ಟರ್ಬೈನಿನಲ್ಲಿ ತಿದ್ದಲು ಹೋಗಬಾರದು. ಬಂಕರಿನಲ್ಲಿ ಮಣ್ಣು ಕಂಡಕೂಡಲೇ ಟರ್ಬೈನಿನ ವೇಗ ಏರಿಸುವುದು ಬಹಳ ಚಾಲಕರ ಅಭ್ಯಾಸ, ಏಕೆಂದರೆ ಆ ಗುಂಡಿ ಕೈಗೆ ಹತ್ತಿರದಲ್ಲಿರುತ್ತದೆ. ಮಣ್ಣೇನೋ ಹೋಗುತ್ತದೆ, ಅದರ ಜೊತೆಗೆ ಗಡ್ಡೆಯ ಬಾಲವೂ ಮುರಿದು ಹೋಗುತ್ತದೆ.

ಇದಕ್ಕೆ ಲೆಕ್ಕವೇ ಸಾಕ್ಷಿ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಸಾಲಿನಿಂದ ಸಾಲಿಗೆ 50 ಸೆಂ.ಮೀ. ಅಂತರವಿದ್ದು, ಗುಳಜೋಡಿ ಅದರಲ್ಲಿ 20 ಸೆಂ.ಮೀ. ಪಟ್ಟಿಯನ್ನು ಮಾತ್ರ ಕಲಕುತ್ತದೆ ಎಂದುಕೊಳ್ಳಿ. ಗುಳವನ್ನು ಬೇಕಾದ್ದಕ್ಕಿಂತ ಒಂದೇ ಒಂದು ಸೆಂಟಿಮೀಟರ್ ಹೆಚ್ಚು ಇಳಿಸಿದರೆ ಹೆಕ್ಟೇರಿಗೆ 40 ಘನ ಮೀಟರ್, ಅಂದರೆ 55 ಟನ್ನಿಗೂ ಮೇಲ್ಪಟ್ಟ ಮಣ್ಣು ಹೆಚ್ಚಾಗಿ ಅಲ್ಲಾಡುತ್ತದೆ. ಅದೇ ಹೆಕ್ಟೇರಿನ ಒಳ್ಳೆಯ ಇಳುವರಿಯೇ 80 ಟನ್ ಆಸುಪಾಸು. ಅಲ್ಲಾಡಿದ ಮಣ್ಣೆಲ್ಲ ಯಂತ್ರದೊಳಗೆ ಬರುವುದಿಲ್ಲ ನಿಜ, ಆದರೆ ಹಸಿ ನೆಲದಲ್ಲಿ ಬಹುಪಾಲು ಬಂದೇ ಬರುತ್ತದೆ. ಎತ್ತದ ಮಣ್ಣನ್ನು ಸೋಸುವ ಕೆಲಸವೇ ಇಲ್ಲ.

ಹಾಗೆಂದು ಗುಳವನ್ನು ತೀರಾ ಮೇಲಿಟ್ಟರೆ? ಗಡ್ಡೆ ಏಳುವ ಬದಲು ಮುರಿಯುತ್ತದೆ. ಬಾಲದ ತುದಿ ನೆಲದಲ್ಲೇ ಉಳಿಯುತ್ತದೆ, ಮೇಲಿನಿಂದ ನೋಡಿದರೆ ಕಾಣುವುದೂ ಇಲ್ಲ. ಮುರಿದ ಜಾಗದ ಅಗಲ 2 ಸೆಂ.ಮೀ. ಇದ್ದು, ಒಳಗುಳಿದ ತುದಿ 5 ಸೆಂ.ಮೀ. ಉದ್ದವಿದ್ದರೆ ಹೋದದ್ದು ಐದಾರು ಗ್ರಾಂ. ಮುರಿದ ಜಾಗ 4 ಸೆಂ.ಮೀ., ಉದ್ದ 8 ಸೆಂ.ಮೀ. ಆದರೆ ಹೋದದ್ದು 35 ಗ್ರಾಂ. ಹೆಕ್ಟೇರಿಗೆ 90,000 ಗಿಡ ಎಂದು ಗುಣಿಸಿ: ಮೊದಲನೆಯದು ಅರ್ಧ ಟನ್, ಎರಡನೆಯದು ಮೂರು ಟನ್. ಅಗಲ ಎರಡು ಪಟ್ಟಾದರೆ ನಷ್ಟ ಆರು ಪಟ್ಟು. ಹೀಗಾಗಿ ಗಡ್ಡೆ ಮುರಿದಿದೆಯೇ ಎಂದು ಕೇಳಿದರೆ ಸಾಲದು, ಎಷ್ಟು ಅಗಲದಲ್ಲಿ ಮುರಿದಿದೆ ಎಂದು ಅಳೆಯಬೇಕು.

ಆಳಕ್ಕೆ ಹೋಗುವ ಮೊದಲು ತಲೆ ಸವರುವ ವಿಷಯವನ್ನು ಮುಗಿಸಿಬಿಡೋಣ, ಏಕೆಂದರೆ ಮಣ್ಣಿನೊಂದಿಗೆ ಅದರ ಸಂಬಂಧ ಸ್ವಲ್ಪ ಕಡಿಮೆ. ಎಲೆ ಚಚ್ಚುವ ಉರುಳೆ ಮಣ್ಣನ್ನು ಮುಟ್ಟಬಾರದು, ಗಡ್ಡೆಯ ತಲೆಯನ್ನೂ ಹೊಡೆಯಬಾರದು, ತೊಟ್ಟಿನ ಎರಡು ಮೂರು ಸೆಂಟಿಮೀಟರ್ ಉಳಿಸಬೇಕು. ಚಾಕು ಮೇಲಿನ ಹಸಿರನ್ನಷ್ಟೇ ಸವರಬೇಕು. ಎಂಟು ಸೆಂಟಿಮೀಟರ್ ಅಗಲದ ಬಿಲ್ಲೆಯನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಸುಮಾರು 50 ಗ್ರಾಂ ಹೋಗುತ್ತದೆ. 90,000 ಗಿಡಕ್ಕೆ ನಾಲ್ಕೂವರೆ ಟನ್. ಬಾಲದಲ್ಲಿ ಕಷ್ಟಪಟ್ಟು ಉಳಿಸಿದ್ದನ್ನು ತಲೆಯಲ್ಲಿ ಕಳೆದಂತೆ. ಮಣ್ಣು ಇಲ್ಲಿ ಒಂದೇ ರೀತಿಯಲ್ಲಿ ಕೈ ಹಾಕುತ್ತದೆ: ಮೆತ್ತನೆಯ ನೆಲದಲ್ಲಿ ಎತ್ತರ ಹಿಡಿಯುವ ಚಕ್ರಗಳು ಹೂತುಹೋದಾಗ ಇಡೀ ಉರುಳೆ ಕೆಳಗಿಳಿಯುತ್ತದೆ. ಮಳೆಯ ಮರುದಿನ ತಲೆಗಳು ಇದ್ದಕ್ಕಿದ್ದಂತೆ ಬೋಳಾಗಿ ಕಂಡರೆ ಚಾಕುವನ್ನು ದೂರಬೇಡಿ, ಮೊದಲು ಆ ಚಕ್ರ ಎಷ್ಟು ಹೂತಿದೆ ನೋಡಿ.

ಇನ್ನು ಗುಳ. ಸಾಮಾನ್ಯ ಹದದ ಲೋಯೆಸ್ ನೆಲದಲ್ಲಿ 5ರಿಂದ 8 ಸೆಂ.ಮೀ. ಆಳದಲ್ಲಿ ಶುರುಮಾಡಿ. ಶುರುಮಾಡುವ ಕ್ರಮವೂ ಮುಖ್ಯ. ಮೊದಲು ಬೇಕಾದ್ದಕ್ಕಿಂತ ಸ್ವಲ್ಪ ಆಳ ಇಟ್ಟು 50 ಮೀಟರ್ ಓಡಿಸಿ, ಬಾಲಗಳು ಪೂರ್ತಿ ಬರುತ್ತಿವೆಯೇ ನೋಡಿ. ಆಮೇಲೆ ಒಂದೊಂದೇ ಸೆಂಟಿಮೀಟರ್ ಮೇಲಕ್ಕೆ ತನ್ನಿ. ಬಾಲ ಮುರಿಯಲು ಶುರುವಾದ ಕಡೆಯಿಂದ ಒಂದು ಸೆಂಟಿಮೀಟರ್ ಕೆಳಗೆ ನಿಲ್ಲಿಸಿ. ಮೇಲಿನಿಂದ ಕೆಳಕ್ಕೆ ಹುಡುಕುತ್ತಾ ಹೋದರೆ ಆ ಹೊತ್ತಿಗೆ ಎಷ್ಟೋ ಸಾಲು ಮುರಿದಿರುತ್ತವೆ. ಎಡ ಮತ್ತು ಬಲ ಬದಿಗಳ ಆಳವನ್ನು ಬೇರೆಬೇರೆಯಾಗಿ ಅಳೆಯಿರಿ. ಪರದೆಯ ಮೇಲಿನ ಅಂಕಿ ನಂಬಿಕೆಗೆ ಸಾಲದು. ಯಂತ್ರ ನಿಲ್ಲಿಸಿ, ಗುಳ ನೆಲದಲ್ಲಿರುವಾಗಲೇ ಪಕ್ಕದಲ್ಲಿ ಗುದ್ದಲಿಯಿಂದ ತೋಡಿ ಅಳತೆಪಟ್ಟಿ ಇಟ್ಟು ನೋಡಬೇಕು.

ಗುಳಜೋಡಿಯ ಹಿಂದಿನ ತುದಿಗಳ ನಡುವಿನ ಬಿರುಕು ಸಾಮಾನ್ಯವಾಗಿ 3ರಿಂದ 5 ಸೆಂ.ಮೀ. ಗಡ್ಡೆ ಸಣ್ಣದಿದ್ದರೆ ಕಿರಿದು, ದಪ್ಪವಿದ್ದು ಮಣ್ಣು ಅಂಟಾಗಿದ್ದರೆ ಅಗಲ. ಗುಳ ಸವೆದಂತೆ ಈ ಬಿರುಕು ತಾನಾಗಿ ಹಿಗ್ಗುತ್ತದೆ, ಸಣ್ಣ ಗಡ್ಡೆಗಳು ನಡುವಿನಿಂದ ಜಾರಿ ನೆಲದಲ್ಲೇ ನಿಲ್ಲುತ್ತವೆ. ಆಳವೂ ತಾನಾಗಿ ಕಡಿಮೆಯಾಗುತ್ತದೆ. ಮರಳು ನೆಲ ಗುಳವನ್ನು ಉಪ್ಪುಕಾಗದದಂತೆ ತಿನ್ನುತ್ತದೆ, ಆದ್ದರಿಂದ ಊಲ್ಸೆನ್ ಕಡೆಯ ಹೊಲಗಳಲ್ಲಿ ಪ್ರತಿದಿನ ಬೆಳಗ್ಗೆ ಆರೂ ಜೋಡಿಗಳನ್ನು ಅಳೆದೇ ಹೊರಡಬೇಕು. ಬದಲಿಸುವಾಗ ಜೋಡಿಯ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು ಒಂದು ಹಳೆಯದು ಆದರೆ ಗಡ್ಡೆ ಒಂದು ಕಡೆಗೆ ವಾಲಿ ಸೀಳುತ್ತದೆ. ಸೀಳಿದ ಗಡ್ಡೆ ಕಂಡಾಗ ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ ಸಾಲು ಹುಡುಕುವ ಸ್ಪರ್ಶಕ. ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಗುಳ ಗಡ್ಡೆಯ ಕೆನ್ನೆಗೆ ತಾಗುತ್ತದೆ. ಒಂದು ಬದಿಯ ಗಡ್ಡೆಗಳೇ ಸೀಳಿದ್ದರೆ ದಾರಿ ತಪ್ಪಿದೆ, ಎಲ್ಲ ಕಡೆಯೂ ಸೀಳಿದ್ದರೆ ವೇಗ ಹೆಚ್ಚಾಗಿದೆ.

ಗುಳದ ಅಲುಗಾಟ ಮತ್ತು ಯಂತ್ರದ ವೇಗ ಒಂದಕ್ಕೊಂದು ಕಟ್ಟಿಕೊಂಡಿವೆ. ಹೆಕ್ಟೇರಿಗೆ 90,000 ಗಿಡ ಎಂದರೆ ಸಾಲಿನಲ್ಲಿ 22 ಸೆಂ.ಮೀ.ಗೆ ಒಂದು. ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಗುಳಜೋಡಿ ಸೆಕೆಂಡಿಗೆ ಆರು ಗಡ್ಡೆ ಎತ್ತುತ್ತದೆ. 7 ಕಿ.ಮೀ.ಗೆ ಏರಿಸಿದರೆ ಸುಮಾರು ಒಂಬತ್ತು. ಅಲುಗಾಟ ಅದಕ್ಕಿಂತ ನಿಧಾನವಿದ್ದರೆ ಕೆಲವು ಗಡ್ಡೆಗಳಿಗೆ ಒಂದು ಪೂರ್ತಿ ಏಟೂ ಸಿಗದೆ ಅವು ಎಳೆದು ಕಿತ್ತಂತಾಗುತ್ತವೆ, ಬಾಲ ಮುರಿಯುತ್ತದೆ. ವೇಗ ಏರಿಸಿದಾಗ ಅಲುಗಾಟವನ್ನೂ ಏರಿಸಿ, ಅಥವಾ ವೇಗವನ್ನೇ ಇಳಿಸಿ.

ಈಗ ಮಣ್ಣಿನ ಸ್ಥಿತಿಗಳಿಗೆ ಬರೋಣ. ಸೆಪ್ಟೆಂಬರಿನ ಒಣಗಿ ಬಿರಿದ ಲೋಯೆಸ್ ಮೊದಲನೆಯದು. ಇಲ್ಲಿ ಶತ್ರು ಮಣ್ಣಂಟಲ್ಲ, ಮುರಿತ. ಗುಳವನ್ನು 8ರಿಂದ 12 ಸೆಂ.ಮೀ.ವರೆಗೆ ಇಳಿಸಿ, ವೇಗವನ್ನು ಗಂಟೆಗೆ 4 ಕಿ.ಮೀ. ಹತ್ತಿರ ತನ್ನಿ, ಅಲುಗಾಟ ಹೆಚ್ಚಿಸಿ. ಕಲ್ಲು ತಾಗಿದರೆ ಗುಳ ಹಿಂದೆ ಮಡಿಯುವ ಹೈಡ್ರಾಲಿಕ್ ರಕ್ಷಣೆ ಇರುತ್ತದಲ್ಲ, ಅದರ ಒತ್ತಡವನ್ನು ಏರಿಸಬೇಕು. ಇಲ್ಲದಿದ್ದರೆ ಗಟ್ಟಿ ನೆಲವನ್ನೇ ಕಲ್ಲೆಂದು ತಿಳಿದು ಗುಳ ಮತ್ತೆ ಮತ್ತೆ ಮೇಲೇಳುತ್ತದೆ. ಕಲ್ಲಿನ ಹೊಲಕ್ಕೆ ಹೋದಾಗ ಒತ್ತಡವನ್ನು ಮರೆಯದೆ ಇಳಿಸಿ, ಇಲ್ಲವಾದರೆ ಗುಳದ ಕಾಲೇ ಬಾಗುತ್ತದೆ. ಟರ್ಬೈನುಗಳನ್ನು ನಿಧಾನಗೊಳಿಸಿ. ಒಣ ನೆಲದಲ್ಲಿ ಗಡ್ಡೆಗೆ ಮೆತ್ತೆಯಾಗುವ ಮಣ್ಣಿರುವುದಿಲ್ಲ, ಗಡ್ಡೆ ನೇರವಾಗಿ ಕಬ್ಬಿಣಕ್ಕೆ ಬಡಿಯುತ್ತದೆ. ಹೆಂಟೆಗಳ ಕಾಟ ಇದ್ದೇ ಇರುತ್ತದೆ, ಗಡ್ಡೆಯಷ್ಟೇ ಗಾತ್ರದ ಹೆಂಟೆ ಯಾವ ಜರಡಿಯಿಂದಲೂ ಇಳಿಯುವುದಿಲ್ಲ. ಅದನ್ನು ಒಡೆಯಬೇಕಾದ್ದು ಸುರುಳಿ ರೋಲರುಗಳಲ್ಲಿ. ಕೆಲವು ಯಂತ್ರಗಳಲ್ಲಿ ಒಂದೆರಡು ರೋಲರುಗಳನ್ನು ಉಲ್ಟಾ ತಿರುಗಿಸಲು ಬರುತ್ತದೆ, ಆಗ ಹೆಂಟೆ ಗಡ್ಡೆಗಳ ನಡುವೆ ಹೊರಳಾಡಿ ಪುಡಿಯಾಗುತ್ತದೆ. ಇದನ್ನು ಬೇಕಾದಷ್ಟು ಹೊತ್ತು ಮಾತ್ರ ಬಳಸಿ, ಗಡ್ಡೆಯ ಸಿಪ್ಪೆಯೂ ಅಲ್ಲೇ ಸವೆಯುತ್ತದೆ. ಬರದಲ್ಲಿ ಎಲೆ ಬಾಡಿ ನೆಲಕ್ಕೆ ಮಲಗಿದ್ದರೆ ಎಲೆ ಮುಟ್ಟಿ ಸಾಲು ಹುಡುಕುವ ಸ್ಪರ್ಶಕ ದಾರಿ ತಪ್ಪುತ್ತದೆ. ಆಗ ಗುಳದ ಬಳಿಯ ಸ್ಪರ್ಶಕಕ್ಕೆ ಹೆಚ್ಚು ಅಧಿಕಾರ ಕೊಡಬೇಕು.

ಮರಳು ನೆಲದ ಮಾತು ಚಿಕ್ಕದು. ಗುಳ ಮೇಲೆ, ವೇಗ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ, ಟರ್ಬೈನ್ ಎಲ್ಲಕ್ಕಿಂತ ನಿಧಾನ. ಮರಳು ಮೊದಲ ಎರಡು ಮೀಟರಿನಲ್ಲೇ ಉದುರಿಹೋಗುತ್ತದೆ, ಉಳಿದ ದಾರಿಯೆಲ್ಲ ಗಡ್ಡೆಗೆ ಬರೀ ಪೆಟ್ಟು. ಬಂಕರಿನಲ್ಲಿ ತೊಳೆದಂತೆ ಬೆಳ್ಳಗೆ ಹೊಳೆಯುವ ಗಡ್ಡೆ ಕಂಡರೆ ಹೆಮ್ಮೆಪಡುವಂಥದ್ದೇನಿಲ್ಲ, ಅದು ಅತಿಯಾಗಿ ಸೋಸಿದ್ದರ ಗುರುತು.

ಹೆಚ್ಚು ಹೊತ್ತು ನಿಲ್ಲಬೇಕಾದ್ದು ಹಸಿ ಲೋಯೆಸ್ ಮತ್ತು ಜೇಡಿಯ ಬಳಿ. ನವೆಂಬರಿನ ಹಸಿ ನೆಲದಲ್ಲಿ ಗಡ್ಡೆ ಸುಲಭವಾಗಿ ಏಳುತ್ತದೆ, ಬಾಲ ಮುರಿಯುವುದು ಕಡಿಮೆ. ಈ ಅನುಕೂಲವನ್ನು ಬಳಸಿಕೊಂಡು ಗುಳವನ್ನು ಧೈರ್ಯವಾಗಿ ಮೇಲೆತ್ತಿ, 4ರಿಂದ 6 ಸೆಂ.ಮೀ. ಸಾಕು. ಒಣ ದಿನಗಳ ಆಳವನ್ನು ಹಾಗೇ ಬಿಡುವುದೇ ಹಸಿ ನೆಲದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಯಂತ್ರದ ಮುಂದಿನ ಗಾಲಿ ಹೂತಷ್ಟೂ ಗುಳವೂ ಇಳಿಯುವುದರಿಂದ, ಆಳ ತಾನಾಗಿಯೇ ಹೆಚ್ಚಾಗಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಸುರುಳಿ ರೋಲರುಗಳ ಎತ್ತರವನ್ನೂ ಬೇರೆಯಾಗಿ ನೋಡಬೇಕು. ಅವು ನೆಲಕ್ಕೆ ಒತ್ತಿಕೊಂಡರೆ ಗುಳ ಎತ್ತದ ಮಣ್ಣನ್ನು ಅವೇ ಬುಲ್ಡೋಜರಿನಂತೆ ತಳ್ಳಿ ಒಳಗೆ ತರುತ್ತವೆ. ತೀರಾ ಎತ್ತರವಿದ್ದರೆ ಗಡ್ಡೆ ಕೆಳಗಿನಿಂದ ನುಸುಳುತ್ತದೆ. ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ ತೇಲುತ್ತಿರಬೇಕು.

ಆಮೇಲೆ ವೇಗ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಆರು ಸಾಲಿನ ಯಂತ್ರದೊಳಗೆ ಸೆಕೆಂಡಿಗೆ 33 ಕೆಜಿ ಗಡ್ಡೆ ಬರುತ್ತದೆ. 6 ಸೆಂ.ಮೀ. ಆಳದಲ್ಲಿ ಗುಳಗಳು ಅದೇ ಸೆಕೆಂಡಿನಲ್ಲಿ ಕಲಕುವ ಮಣ್ಣು 140 ಕೆಜಿ. ಒಣ ಮಣ್ಣಾದರೆ ಹೆಚ್ಚಿನದು ಉದುರುತ್ತದೆ, ಜೇಡಿಯಾದರೆ ಮುದ್ದೆಯಾಗಿ ಒಳಗೆ ಬರುತ್ತದೆ. ಆದ್ದರಿಂದ ಹಸಿ ನೆಲದಲ್ಲಿ ನಿಧಾನ ಹೋಗಿ. ಆದರೆ ಅತಿ ನಿಧಾನವೂ ಕೆಲಸ ಕೆಡಿಸುತ್ತದೆ. ಟರ್ಬೈನಿನ ಮೇಲೆ ಗಡ್ಡೆಗಳು ತುಂಬಿಕೊಂಡು ಒಂದಕ್ಕೊಂದು ಉಜ್ಜಿಕೊಂಡಾಗಲೇ ಮಣ್ಣು ಬಿಡುವುದು. ಖಾಲಿ ಟರ್ಬೈನಿನಲ್ಲಿ ಒಂಟಿ ಗಡ್ಡೆ ಬೇಲಿಗೆ ಬಡಿಯುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ಮೊದಲ ಟರ್ಬೈನಿನ ಮೇಲೆ ಗಡ್ಡೆಗಳು ಒಂದು ಪದರವಾಗಿ, ನಡುವೆ ಅಲ್ಲಲ್ಲಿ ಕಬ್ಬಿಣ ಕಾಣುವಂತೆ ಹರಿಯುತ್ತಿದ್ದರೆ ವೇಗ ಸರಿಯಾಗಿದೆ.

ಇದೆಲ್ಲ ಆದ ಮೇಲೆಯೂ ಮಣ್ಣು ಉಳಿದಿದ್ದರೆ ಮಾತ್ರ ಟರ್ಬೈನಿಗೆ ಕೈಹಾಕಿ. ಒಂದು ಸಲಕ್ಕೆ ನಿಮಿಷಕ್ಕೆ ಐದು ಸುತ್ತಿಗಿಂತ ಹೆಚ್ಚು ಏರಿಸಬೇಡಿ, ಏರಿಸಿದ ಮೇಲೆ ಬಂಕರಿನ ಗಡ್ಡೆ ನೋಡಿ. ಮೊದಲ ಟರ್ಬೈನನ್ನು ಏರಿಸಿ, ಕೊನೆಯದನ್ನು ಹಾಗೇ ಬಿಡಿ. ಮೊದಲನೆಯದರಲ್ಲಿ ಗಡ್ಡೆಯ ಜೊತೆ ಮಣ್ಣಿನ ಮೆತ್ತೆ ಇರುತ್ತದೆ, ಕೊನೆಯದಕ್ಕೆ ಬರುವಾಗ ಗಡ್ಡೆ ಬರಿಮೈಯಲ್ಲಿರುತ್ತದೆ. ಸುತ್ತಲಿನ ಬೇಲಿಯನ್ನೂ ಬದಲಿಸಬಹುದು. ಒಣ ನೆಲಕ್ಕೆ, ಸಣ್ಣ ಗಡ್ಡೆಗೆ ಗಟ್ಟಿ ಕಂಬಿಗಳ ಬೇಲಿ. ಅಂಟು ನೆಲಕ್ಕೆ ಸ್ಪ್ರಿಂಗ್ ಹಲ್ಲುಗಳು: ಅವು ಬಳುಕುವುದರಿಂದ ಮಣ್ಣು ಕಟ್ಟಿಕೊಳ್ಳುವುದಿಲ್ಲ, ಮುದ್ದೆಗಳು ಹೊರಗೆ ಹೋಗುತ್ತವೆ. ಒಣ ನೆಲದಲ್ಲಿ ಅದೇ ಹಲ್ಲುಗಳನ್ನು ಬಿಟ್ಟರೆ ಸಣ್ಣ ಗಡ್ಡೆಗಳು ಹೊರಗೆ ಹಾರುತ್ತವೆ, ಬಾಲಗಳು ಹಲ್ಲಿಗೆ ಸಿಕ್ಕಿ ಮುರಿಯುತ್ತವೆ.

ಗಟ್ಟಿ ಜೇಡಿಯ ಫ್ಲೆವೊಲ್ಯಾಂಡಿನಲ್ಲಿ ಗುಳದ ಆಕಾರವನ್ನೇ ಬದಲಿಸುವವರಿದ್ದಾರೆ. ಪೋಲ್ಡರ್ ಎಂದರೆ ನೀರು ಬತ್ತಿಸಿ ತೆಗೆದ ನೆಲ, ಪೋಲ್ಡರ್ ಗುಳ ಎಂಬ ಹೆಸರು ಇಂಥ ನೆಲದಿಂದಲೇ ಬಂದದ್ದು. ಸಪೂರ ಮೈ, ಮಣ್ಣು ಕಡಿಮೆ ಎತ್ತುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಗುಳದ ಬದಲು ಓರೆಯಾಗಿ ನಿಂತ ಎರಡು ಚಕ್ರಗಳು ಗಡ್ಡೆಯನ್ನು ಚಿವುಟಿ ಎತ್ತುತ್ತವೆ. ಅಮೆರಿಕದ ರೆಡ್ ರಿವರ್ ಕಣಿವೆಯ ಕರಿ ಜೇಡಿಯಲ್ಲಿ ಚಕ್ರಗಳದ್ದೇ ರೂಢಿ. ಮೆತ್ತನೆಯ ನೆಲದಲ್ಲಿ ಅವು ಚೆನ್ನ, ಆದರೆ ಒಣಗಿ ಗಟ್ಟಿಯಾದ ನೆಲಕ್ಕೆ ಇಳಿಯುವುದು ಕಷ್ಟ, ಕಲ್ಲು ಸಿಕ್ಕಿಕೊಂಡರೆ ನಿಂತೇಬಿಡುತ್ತವೆ.

ಹಸಿ ನೆಲದಲ್ಲಿ ಯಂತ್ರದ ಭಾರವನ್ನು ಮರೆಯುವಂತಿಲ್ಲ. 40 ಘನ ಮೀಟರಿನ ಬಂಕರ್ ತುಂಬಿದರೆ ಒಳಗೆ 26 ಟನ್ನಿನಷ್ಟು ಗಡ್ಡೆ. ಯಂತ್ರದ ತೂಕ ಸೇರಿ ನೆಲದ ಮೇಲೆ ಸುಮಾರು 60 ಟನ್. ಹಸಿ ಲೋಯೆಸ್ ಈ ಭಾರವನ್ನು ಕೆಳಗಿನ ಪದರಕ್ಕೆ ದಾಟಿಸುತ್ತದೆ, ಅಲ್ಲಿ ಆದ ಗಟ್ಟಿತನ ಒಂದು ಉಳುಮೆಗೆ ಹೋಗುವುದಿಲ್ಲ. ಬಂಕರನ್ನು ಅರ್ಧಕ್ಕೇ ಖಾಲಿ ಮಾಡಿ, ಟೈರಿನ ಒತ್ತಡವನ್ನು ತಯಾರಕರು ಹೊಲಕ್ಕೆಂದು ಕೊಟ್ಟ ಕನಿಷ್ಠಕ್ಕೆ ತನ್ನಿ, ಏಡಿಯಂತೆ ಓರೆಯಾಗಿ ನಡೆಯುವ ವ್ಯವಸ್ಥೆ ಇದ್ದರೆ ಬಳಸಿ. ಆಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲೇ ಮತ್ತೆ ತುಳಿಯುವುದಿಲ್ಲ.

ರೋಲರುಗಳ ನಡುವೆ, ಎಲಿವೇಟರಿನ ಬುಡದಲ್ಲಿ ಜೇಡಿ ಕಟ್ಟಿಕೊಳ್ಳುತ್ತದೆ. ಅದು ಜರಡಿಯ ಕಂಡಿಗಳನ್ನು ಮುಚ್ಚಿದರೆ ಮೇಲಿನ ಯಾವ ಹೊಂದಾಣಿಕೆಯೂ ಫಲಿಸದು. ಕೆಲವು ಬಂಕರುಗಳಿಗೊಮ್ಮೆ ಕೆರೆದು ತೆಗೆಯಿರಿ. ದಯವಿಟ್ಟು ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎತ್ತಿದ ಭಾಗಕ್ಕೆ ಲಾಕ್ ಕೊಟ್ಟು, ಆಮೇಲೆ ಮಾತ್ರ ಕೆಳಗೆ ಕೈ ಹಾಕಿ. ತಿರುಗುವ ರೋಲರಿಗೆ ಸಲಾಕೆ ಕೊಟ್ಟು ಮಣ್ಣು ಬಿಡಿಸಲು ಹೋಗಿ ಕೈ ಕಳೆದುಕೊಳ್ಳುವುದು ಎಲ್ಲ ದೇಶದಲ್ಲೂ ನಡೆಯುತ್ತದೆ.

ಸರಿಯಾಯಿತೇ ಎಂದು ತಿಳಿಯುವುದು ಹೇಗೆ? ಕ್ಯಾಬಿನಿನಿಂದ ಇಳಿಯಬೇಕು, ಬೇರೆ ಉಪಾಯವಿಲ್ಲ. ಆರು ಸಾಲಿನ ಅಗಲ 3 ಮೀಟರ್. ಯಂತ್ರ ದಾಟಿದ ಜಾಗದಲ್ಲಿ 3.3 ಮೀಟರ್ ಉದ್ದ ಅಳೆದರೆ 10 ಚದರ ಮೀಟರ್. ಅಷ್ಟರಲ್ಲಿ ಉಳಿದ ಗಡ್ಡೆ, ತುಂಡುಗಳನ್ನೆಲ್ಲ ಆರಿಸಿ ತೂಗಿ. ಒಂದು ಕೆಜಿ ಸಿಕ್ಕರೆ ಹೆಕ್ಟೇರಿಗೆ ಒಂದು ಟನ್ ನಷ್ಟ. ಇದನ್ನು ಹೊಲದ ನಡುವೆ ಮಾಡಿ, ಯಂತ್ರ ತಿರುಗುವ ಅಂಚಿನಲ್ಲಿ ಬೇಡ. ಆಮೇಲೆ ಬಂಕರಿನಿಂದ ಆರಿಸದೆ ನೂರು ಗಡ್ಡೆ ತೆಗೆದು ಸಾಲಾಗಿ ಮಲಗಿಸಿ. ಬಾಲದ ಮುರಿತವನ್ನು 2 ಸೆಂ.ಮೀ. ಒಳಗೆ, 2ರಿಂದ 4, 4ರಿಂದ 6, ಅದಕ್ಕೂ ಮೇಲೆ ಎಂದು ವಿಂಗಡಿಸಿ ಎಣಿಸಿ. ತಲೆಗಳನ್ನೂ ಹಾಗೆಯೇ: ತೊಟ್ಟು ಉಳಿದವು, ಸರಿಯಾದವು, ಅತಿ ಸವರಿದವು, ಓರೆ ಕತ್ತರಿಸಿದವು. ಬೀಟ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಯಂತ್ರಗಳ ಪರೀಕ್ಷೆಗೆ ಇಟ್ಟುಕೊಂಡ ಕ್ರಮವೂ ಇದೇ ಬಗೆಯದು. ಮುರಿತ ಬಂಕರಿನ ಗಡ್ಡೆಯಲ್ಲಿದ್ದು, ಅದರ ತುದಿ ಹೊಲದಲ್ಲಿ ನೆಲದೊಳಗೆ ಸಿಕ್ಕರೆ ತಪ್ಪು ಗುಳದ್ದು. ತುದಿಗಳು ನೆಲದ ಮೇಲೆ ಚೆಲ್ಲಿದ್ದರೆ ತಪ್ಪು ಟರ್ಬೈನಿನದು. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ನೋಡಿ, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ. ಹೊಲ ಬದಲಾದಾಗ, ಮಳೆ ಬಂದಾಗ, ಬೆಳಗಿನ ಇಬ್ಬನಿ ಆರಿ ಮಧ್ಯಾಹ್ನವಾದಾಗ ಮತ್ತೆ ಇಳಿಯಿರಿ.

ಕೊನೆಯದಾಗಿ, ಎಷ್ಟು ಶುದ್ಧವಾದರೆ ಸಾಕು ಎಂಬ ಪ್ರಶ್ನೆ. ಜರ್ಮನಿಯಲ್ಲಿ ಗಡ್ಡೆ ನೇರವಾಗಿ ಕಾರ್ಖಾನೆಗೆ ಹೋಗುವುದು ಕಡಿಮೆ. ಹೊಲದ ಅಂಚಿನಲ್ಲಿ ಉದ್ದನೆಯ ರಾಶಿ ಹಾಕಿ, ಬೇಕಾದರೆ ಉಸಿರಾಡುವ ಹೊದಿಕೆ ಹೊದಿಸಿ ಬಿಡುತ್ತಾರೆ. ಕೆಲವು ದಿನಗಳ ನಂತರ ಮೌಸ್ ಎಂಬ ಹೆಸರಿನ ಯಂತ್ರ, ಅಂದರೆ ಇಲಿ, ರಾಶಿಯನ್ನು ಎತ್ತಿ ಲಾರಿಗೆ ತುಂಬುತ್ತಾ ಇನ್ನೊಮ್ಮೆ ಸೋಸುತ್ತದೆ. ಅಷ್ಟರಲ್ಲಿ ಅಂಟಿದ ಮಣ್ಣು ಆರಿ ಸುಲಭವಾಗಿ ಉದುರುತ್ತದೆ. ಹೀಗಾಗಿ ಹಾರ್ವೆಸ್ಟರ್ ಎಲ್ಲವನ್ನೂ ಹೊಲದಲ್ಲೇ ತೆಗೆಯಬೇಕಾಗಿಲ್ಲ. ತೆಳುವಾಗಿ ಮೆತ್ತಿಕೊಂಡ ಮಣ್ಣನ್ನು ಹಾಗೇ ಬಿಡಿ. ಗಡ್ಡೆಗಳ ನಡುವೆ ಸಡಿಲವಾಗಿ ಸೇರುವ ಮಣ್ಣನ್ನು ಮಾತ್ರ ಬಿಡಬೇಡಿ, ಅದು ರಾಶಿಯೊಳಗೆ ಗಾಳಿ ಆಡದಂತೆ ತಡೆದು ಬಿಸಿಯೇರಿಸುತ್ತದೆ. ಪೆಟ್ಟು ತಿಂದ ಗಡ್ಡೆ ಗಾಯ ಮಾಗಿಸಲು ತನ್ನ ಸಕ್ಕರೆಯನ್ನೇ ಖರ್ಚು ಮಾಡುತ್ತದೆ, ಗಾಯದಿಂದಲೇ ಕೊಳೆ ಒಳಗೆ ಹೋಗುತ್ತದೆ. ಎರಡು ದಿನದಲ್ಲಿ ಲಾರಿ ಬರುವುದಾದರೆ ಸ್ವಲ್ಪ ಹೆಚ್ಚು ಸೋಸಿದರೂ ನಡೆಯುತ್ತದೆ. ಡಿಸೆಂಬರಿನವರೆಗೆ ರಾಶಿ ಮಲಗುವುದಿದ್ದರೆ ಟರ್ಬೈನಿನ ವೇಗ ಇಳಿಸಿ, ಸ್ವಲ್ಪ ಮಣ್ಣು ಹೆಚ್ಚಾದರೂ ಸರಿ, ಗಡ್ಡೆಯನ್ನು ಇಡಿಯಾಗಿ ರಾಶಿಗೆ ಸೇರಿಸಿ.